ಮಕ್ಕಳ ಹಾಡ್ಜ್‌ಕಿನ್ ಲಿಂಫೋಮಾ: ವಿಕಿರಣ ಯಾರಿಗೆ, ಎಷ್ಟು?

ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಹಾಡ್ಜ್‌ಕಿನ್ ಲಿಂಫೋಮಾ ವಾಸಿಯಾಗಬಲ್ಲದು ಎಂಬ ಭರವಸೆ ಮೊದಲು ಹುಟ್ಟಿದ್ದು ವಿಕಿರಣದಿಂದ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹೆನ್ರಿ ಕಪ್ಲಾನ್ ಲೀನಿಯರ್ ಆಕ್ಸಿಲರೇಟರ್ ಬಳಸಿ, 35ರಿಂದ 44 ಗ್ರೇ ವಿಕಿರಣವನ್ನು ವಿಸ್ತಾರವಾದ ಭಾಗಕ್ಕೆ ಕೊಡುತ್ತಿದ್ದರು. ದೊಡ್ಡವರಿಗೆ ಒಗ್ಗಿದ ಈ ಪ್ರಮಾಣ ಮಕ್ಕಳಿಗೆ ದುಬಾರಿಯಾಯಿತು. ರೋಗ ಹೋದರೂ ಮೂಳೆಗಳು ಬೆಳೆಯದೆ ಕತ್ತು ತೆಳ್ಳಗೆ, ಭುಜ ಕಿರಿದಾಗಿ ಉಳಿದವು, ಥೈರಾಯ್ಡ್ ಸೊರಗಿತು.

ದಾರಿ ತೆರೆದದ್ದು ಔಷಧಗಳು. ವಿನ್ಸೆಂಟ್ ಡಿವಿಟಾ ಮತ್ತು ಸಂಗಡಿಗರು ನಾಲ್ಕು ಔಷಧಗಳ ‘ಮಾಪ್’ ಚಿಕಿತ್ಸೆಯ ಫಲಿತಾಂಶವನ್ನು 1970ರಲ್ಲಿ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲೇ ಸಾರಾ ಡೊನಾಲ್ಡ್‌ಸನ್ ಅವರು ಮಕ್ಕಳಿಗೆ ಆರು ಸುತ್ತು ಮಾಪ್ ಕೊಟ್ಟು, ಮೂಳೆಯ ವಯಸ್ಸು ನೋಡಿಕೊಂಡು ವಿಕಿರಣವನ್ನು 15ರಿಂದ 25 ಗ್ರೇಗೆ ಇಳಿಸಿದರು. ಗುಣಮುಖರಾಗುವವರ ಪ್ರಮಾಣ ಕುಸಿಯಲಿಲ್ಲ. ಔಷಧ ದೇಹದೆಲ್ಲೆಡೆ ಚದುರಿದ ಕೋಶಗಳನ್ನು ಹುಡುಕಿ ಕೊಲ್ಲುತ್ತದೆ, ವಿಕಿರಣ ಗಡ್ಡೆಯಿದ್ದ ಜಾಗದಲ್ಲಿ ಉಳಿದದ್ದನ್ನು ಮುಗಿಸುತ್ತದೆ. ಎರಡೂ ಸೇರಿದ್ದರಿಂದ ಎರಡರ ಹೊರೆಯೂ ತಗ್ಗಲು ಸಾಧ್ಯವಾಯಿತು.

ಆದರೆ ಜೋಡಿಯ ಹಾನಿಗಳೂ ಕೂಡಿಕೊಳ್ಳುತ್ತವೆ. ಈ ರೋಗಕ್ಕೆ ಕೊಡುವ ಇನ್ನೊಂದು ಔಷಧ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು, ಎದೆಗೆ ಬಿದ್ದ ವಿಕಿರಣ ಅದೇ ಹೃದಯದ ರಕ್ತನಾಳ, ಕವಾಟಗಳನ್ನು ಕೆಡಿಸಬಲ್ಲದು. ಮಾಪ್‌ನಲ್ಲಿದ್ದ ಪ್ರೊಕಾರ್ಬಜೀನ್ ಹುಡುಗರ ವೃಷಣಗಳಿಗೆ ಮಾರಕವಾಗಿತ್ತು. 1996ರಲ್ಲಿ ಸ್ಮಿತಾ ಭಾಟಿಯಾ ಮತ್ತು ಸಹೋದ್ಯೋಗಿಗಳು, ಬಾಲ್ಯದಲ್ಲಿ ಈ ರೋಗಕ್ಕೆ ಚಿಕಿತ್ಸೆ ಪಡೆದ 1,380 ಮಂದಿಯ ಅಧ್ಯಯನದಲ್ಲಿ, ಹೆಣ್ಣುಮಕ್ಕಳಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಅಪಾಯ ಬಹಳ ಹೆಚ್ಚೆಂದು ತೋರಿಸಿದರು.

ಹಾಗಾದರೆ ವಿಕಿರಣವನ್ನೇ ಬಿಟ್ಟುಬಿಡಬಹುದೇ?

ಜರ್ಮನಿಯ ನೇತೃತ್ವದ ಜಿಪಿಒಎಚ್-ಎಚ್‌ಡಿ 95 ಅಧ್ಯಯನ ಇದನ್ನೇ ಕೇಳಿತು. ಕಿಮೋಥೆರಪಿಯಿಂದ ರೋಗ ಪೂರ್ತಿ ಮರೆಯಾದ ಮಕ್ಕಳಿಗೆ ಅಲ್ಲಿ ವಿಕಿರಣ ಕೊಡಲಿಲ್ಲ. ಆರಂಭಿಕ ಹಂತದವರಿಗೆ ಅದರಿಂದ ನಷ್ಟವಾಗಲಿಲ್ಲ. ಮಧ್ಯಮ ಹಂತದಲ್ಲಿ ಮಾತ್ರ, ವಿಕಿರಣ ಪಡೆಯದವರಲ್ಲಿ ರೋಗ ಹೆಚ್ಚಾಗಿ ಮರುಕಳಿಸಿತು. ಅಮೆರಿಕದ ಎಎಚ್‌ಒಡಿ0031 ಅಧ್ಯಯನ ಚಿಕಿತ್ಸೆಗೆ ಬೇಗ ಸ್ಪಂದಿಸಿ ಪೂರ್ಣ ಉಪಶಮನ ಕಂಡವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು: ನಾಲ್ಕು ವರ್ಷದ ಬಳಿಕ ಮರುಕಳಿಕೆಯಂಥ ತೊಂದರೆಯಿಲ್ಲದೆ ಇದ್ದವರು ವಿಕಿರಣ ಪಡೆದವರಲ್ಲಿ ಶೇ. 87.9, ಪಡೆಯದವರಲ್ಲಿ ಶೇ. 84.3. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಈ ಅಂತರ ನಿರ್ಣಾಯಕವಲ್ಲ. 2007ರಲ್ಲಿ ಶುರುವಾದ ಯೂರೋಪಿನ ಯೂರೋನೆಟ್-ಪಿಎಚ್‌ಎಲ್-ಸಿ1, ಎರಡು ಸುತ್ತು ಔಷಧದ ನಂತರದ ಪೆಟ್ ಸ್ಕ್ಯಾನ್ ಆಧರಿಸಿಯೇ ವಿಕಿರಣದ ತೀರ್ಮಾನ ಮಾಡಿತು. ಒಳ್ಳೆಯ ಸ್ಪಂದನೆ ತೋರಿದ ಬಹಳಷ್ಟು ಮಕ್ಕಳು ವಿಕಿರಣವಿಲ್ಲದೆಯೇ ಗುಣವಾದರು.

ಈ ಫಲಿತಾಂಶಗಳು ಸಂಯುಕ್ತ ಚಿಕಿತ್ಸೆಯನ್ನು ತಳ್ಳಿಹಾಕುವುದಿಲ್ಲ, ಅದನ್ನು ಆಯ್ದು ಬಳಸಬೇಕೆಂದು ಹೇಳುತ್ತವೆ. ಆ ಆಯ್ಕೆಗೆ ಸಕಾಲದ ಪೆಟ್ ಸ್ಕ್ಯಾನ್ ಬೇಕು, ಅದನ್ನು ಸರಿಯಾಗಿ ಓದಬಲ್ಲ ತಜ್ಞರು ಬೇಕು. ಬ್ರೆಂಟುಕ್ಸಿಮ್ಯಾಬ್, ನಿವೊಲುಮ್ಯಾಬ್‌ನಂಥ ಹೊಸ ಔಷಧಗಳು ವಿಕಿರಣದ ಅಗತ್ಯವನ್ನು ಇನ್ನಷ್ಟು ಕಡಿಮೆ ಮಾಡುತ್ತಿವೆ. ಈಗಾಗಲೇ ವಿಕಿರಣ ಪಡೆದ ಮಕ್ಕಳಿಗಂತೂ, ಯಾವ ಭಾಗಕ್ಕೆ ಎಷ್ಟು ಗ್ರೇ, ಡಾಕ್ಸೊರುಬಿಸಿನ್ ಒಟ್ಟು ಎಷ್ಟು ಎಂಬ ವಿವರವನ್ನು ಚಿಕಿತ್ಸೆ ಮುಗಿದ ದಿನವೇ ಬರೆದು ಮನೆಯವರ ಕೈಗೆ ಕೊಡಬೇಕು. ಎದೆಗೆ ವಿಕಿರಣ ಬಿದ್ದ ಹುಡುಗಿ 25 ದಾಟಿದಾಗ ಸ್ತನ ತಪಾಸಣೆ ಬೇಕೆಂದು ಹೊಸ ವೈದ್ಯರಿಗೆ ತಿಳಿಯುವುದು ಆ ದಾಖಲೆಯಿಂದಲೇ.