ಪಾಳಿಯಿಂದ ರೈಲಿಗೆ: ಮಾರಿಕುಪ್ಪಂನಲ್ಲಿ ದುಡಿಮೆ, ಊಟ ಮತ್ತು ತೂಕ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೊಜ್ಜಿನ ಪ್ರಶ್ನೆಯನ್ನು ಅಭ್ಯಾಸ ಮಾಡುವವರು ಜನರ ತಟ್ಟೆಗಿಂತ ಮೊದಲು ಅವರ ದುಡಿಮೆಯನ್ನು ನೋಡಬೇಕು ಎಂಬುದು ಈ ಲೇಖನದ ವಾದ. ಇಲ್ಲಿನ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ, ಬಂಡೆಯ ಕಾವಿನಲ್ಲಿ ಪಾಳಿ ಮಾಡಿದವರ ಮಕ್ಕಳು ಈಗ ಇಲ್ಲಿನ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುತ್ತಾರೆ.

ಈ ಬದಲಾವಣೆಯನ್ನು ಅಂಕಿಗಳಲ್ಲಿ ಹಿಡಿಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 65 ಕೆ.ಜಿ. ತೂಕದ ಗಂಡಸಿಗೆ ಭಾರೀ ಶ್ರಮವಿದ್ದರೆ ದಿನಕ್ಕೆ 3,470 ಕಿಲೋ ಕ್ಯಾಲೊರಿ ಬೇಕು. ಕೂತು ಮಾಡುವ ಕೆಲಸಕ್ಕೆ 2,110 ಸಾಕು. ಅಪ್ಪ ಉಂಡ ಅಳತೆಯಲ್ಲೇ ಮಗ ಉಂಡರೆ ಉಳಿಯುವುದು 1,360. ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಈ ಲೆಕ್ಕ ಹೊಂದದು, ನಿಜ. ಆದರೂ ರಾಜ್ಯದ ದಿಕ್ಕು ಸ್ಪಷ್ಟವಾಗಿದೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ ಹೆಂಗಸರಲ್ಲಿ ಅತಿತೂಕ 23.3% ಇತ್ತು, ಐದನೆಯದರಲ್ಲಿ (2019–21) 30.1% ಆಯಿತು.

ರಾಗಿಯನ್ನು ತೂಕ ಇಳಿಸುವ ಮದ್ದೆಂದು ಹೊಗಳುವುದು ಸರಿಯಲ್ಲ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3. ಆದರೆ ಶಕ್ತಿಯ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ. ಎರಡು ಮುದ್ದೆ ಉಣ್ಣುವ ಕಡೆ ಒಂದು ಸಾಕು. ಕಡಿಮೆಯಾದ ಜಾಗವನ್ನು ಹುರುಳಿಕಾಳು ಬಸ್ಸಾರಿನ ಕಾಳು, ಸೊಪ್ಪಿನ ಪಲ್ಯ ತುಂಬಲಿ. ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನುಗಳಲ್ಲಿ ಅನ್ನ ಉಣ್ಣುವ ತಮಿಳು ಮನೆಗಳಿಗೂ ಇದೇ ಮಾತು: ಅನ್ನ ಬಿಡಬೇಕಿಲ್ಲ, ಕಾಳು ತರಕಾರಿಗಳ ಪಾಲು ಹೆಚ್ಚಬೇಕು. ಮನೆಯ ಒಲೆಯ ಮೇಲೆ ಈಗಾಗಲೇ ಇರುವ ಅಡಿಗೆಯಷ್ಟೇ ವರ್ಷಗಟ್ಟಲೆ ನಡೆಯುತ್ತದೆ. ತೂಕ ಇಳಿದೊಡನೆ ದೇಹ ಶಕ್ತಿಯ ಖರ್ಚು ತಗ್ಗಿಸಿ ಹಸಿವು ಹೆಚ್ಚಿಸುವುದರಿಂದ, ಮೂರು ತಿಂಗಳ ಪಥ್ಯಗಳು ಸೋಲುತ್ತವೆ.

ವ್ಯಾಯಾಮದ ಫಲವನ್ನು ತಕ್ಕಡಿಯೊಂದರಿಂದಲೇ ಅಳೆಯಬಾರದು. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಊಟ, ನಡಿಗೆಗಳ ಬದಲಾವಣೆಯಿಂದ ಮಧುಮೇಹದ ಅಪಾಯ 28.5% ತಗ್ಗಿತು, ಆದರೆ ಪಾಲ್ಗೊಂಡವರ ತೂಕ ಹೇಳುವಷ್ಟು ಇಳಿದಿರಲಿಲ್ಲ. ತೂಕ ಇಳಿಯಲಿಲ್ಲವೆಂದು ನಡಿಗೆ ಬಿಟ್ಟವರಿಗೆಲ್ಲ ಈ ಫಲಿತಾಂಶ ತಿಳಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಕೇಳುತ್ತದೆ. ರೈಲಿಗೆ ದಿನವೂ ಹೋಗಿಬರುವವರು ಮನೆಯಿಂದ ನಿಲ್ದಾಣಕ್ಕೆ ಆಟೊ ಬಿಟ್ಟು ಬಿರುಸಾಗಿ ನಡೆದರೆ ಅದರ ದೊಡ್ಡ ಪಾಲು ಅಲ್ಲೇ ಸಂದಾಯವಾಗುತ್ತದೆ. ಆದರೆ ಇಲ್ಲಿ ಎಲ್ಲರಿಗೂ ಒಂದೇ ಸಲಹೆ ಸಲ್ಲದು. ಬಂಡೆಯ ಧೂಳಿನಿಂದ ಬರುವ ಸಿಲಿಕೋಸಿಸ್‌ನಿಂದ ಶ್ವಾಸಕೋಶ ಬಲಹೀನವಾದ ಹಳೆಯ ಗಣಿ ಕಾರ್ಮಿಕರು ವೈದ್ಯರು ಹೇಳಿದಷ್ಟೇ ನಡೆಯಬೇಕು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸೈನೈಡ್ ದಿಬ್ಬಗಳಿಂದ ಗಾಳಿ ಧೂಳೆಬ್ಬಿಸುವ ದಿನಗಳಲ್ಲಿ ಯಾರೂ ಅವುಗಳ ಬದಿಯಲ್ಲಿ ನಡೆಯಬಾರದು. ಆದ್ದರಿಂದ ಆ ದಿಬ್ಬಗಳಿಂದ ದೂರವಾಗಿ, ನಿಲ್ದಾಣಕ್ಕೆ ಸೇರುವ, ನಸುಕಿನಲ್ಲಿ ಹೆಂಗಸರೂ ಅಂಜದೆ ನಡೆಯಬಹುದಾದ ದೀಪವಿರುವ ಕಾಲುದಾರಿ ಇಲ್ಲಿನ ಮೊದಲ ಆರೋಗ್ಯ ಕಾರ್ಯಕ್ರಮವಾಗಬೇಕು.