ಅಡವಿಟ್ಟ ಸೀಮೆಯನ್ನು ಬಿಡಿಸಿದ ಸಿಪಾಯಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಚರಿತ್ರೆಯ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಒಬ್ಬ ಸಾಮಾನ್ಯ ಸೈನಿಕ ದೇಶವಾಳುವ ಮಟ್ಟಕ್ಕೇರಿದ ಕಥೆ ಮಕ್ಕಳಿಗೆ ಇಷ್ಟವಾದೀತು, ನೆಪೋಲಿಯನ್ ಬಗ್ಗೆ ಬರೆಯಿರಿ ಎಂದವರೂ ಇದ್ದರು. ನೆಪೋಲಿಯನ್ ಹುಟ್ಟಿದ್ದು 1769ರಲ್ಲಿ. ಅದೇ ವರ್ಷ ನಮ್ಮ ಮೈಸೂರು ಸೀಮೆಯ ಒಬ್ಬ ಸೈನಿಕ ಮದರಾಸಿನ ಬಾಗಿಲಲ್ಲಿ ನಿಂತು ಇಂಗ್ಲಿಷರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದ. ಅವನು ಮೇಲೇರಿದ ಕಥೆಯಲ್ಲಿ ತುರುವೇಕೆರೆ, ಹೊನ್ನವಳ್ಳಿ, ಚಿಕ್ಕನಾಯಕನಹಳ್ಳಿ, ಕಂದಿಕೆರೆಗಳ ಹೆಸರು ಬರುತ್ತದೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ನಾನು ಹೈದರಾಲಿಯ ಬಗ್ಗೆಯೇ ಬರೆಯುತ್ತೇನೆ.

ಕೊಬ್ಬರಿ ಬೆಲೆ ಬಿದ್ದ ವರ್ಷ ಮನೆಯ ಹೆಣ್ಣುಮಕ್ಕಳ ಓಲೆ, ಸರ ಅಡವಿಡುವುದು ನಮಗೆ ಹೊಸದಲ್ಲ. 1757ರಲ್ಲಿ ನಮ್ಮ ಸೀಮೆಯೇ ಹಾಗೆ ಅಡವು ಬಿತ್ತು. ಆಗ ಮೈಸೂರಿನ ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರು. ಅಧಿಕಾರವೆಲ್ಲ ಕಳಲೆ ಮನೆತನದ ದೇವರಾಜಯ್ಯ, ನಂಜರಾಜಯ್ಯ ಎಂಬ ಅಣ್ಣತಮ್ಮಂದಿರ ಕೈಲಿತ್ತು. ನಂಜರಾಜಯ್ಯ ಕನ್ನಡದಲ್ಲಿ ಗ್ರಂಥ ರಚಿಸಿದ ವಿದ್ವಾಂಸ, ಆದರೆ ಯುದ್ಧದ ಲೆಕ್ಕಾಚಾರದಲ್ಲಿ ಕೈ ಸುಟ್ಟುಕೊಂಡವನು. ತಿರುಚಿನಾಪಳ್ಳಿಯ ಆಸೆಗೆ ವರ್ಷಗಟ್ಟಲೆ ದಂಡು ಕಟ್ಟಿಕೊಂಡು ಕೂತು ಬರಿಗೈಲಿ ಬಂದ. ಬೊಕ್ಕಸ ಬರಿದಾಗಿದ್ದ ಹೊತ್ತಿಗೆ ಪೇಶ್ವೆ ಬಾಳಾಜಿ ಬಾಜಿರಾವ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. 32 ಲಕ್ಷಕ್ಕೆ ಮಾತಾಯಿತು. ಇದ್ದಷ್ಟು ಕೊಟ್ಟು, ಉಳಿದದ್ದಕ್ಕೆ ಹದಿಮೂರು-ಹದಿನಾಲ್ಕು ತಾಲ್ಲೂಕುಗಳನ್ನು ಮರಾಠರಿಗೆ ಒತ್ತೆ ಇಟ್ಟರು. ನಾಗಮಂಗಲ, ಚನ್ನರಾಯಪಟ್ಟಣ, ಕಡಬದ ಜೊತೆಗೆ ಮೇಲೆ ಹೇಳಿದ ನಮ್ಮ ಊರುಗಳೂ ಆ ಪಟ್ಟಿಯಲ್ಲಿದ್ದವು. ಕಂದಾಯ ಎತ್ತಲು ಮರಾಠರ ಅಧಿಕಾರಿಗಳು ಬಂದು ಕೂತರು. ನಮ್ಮ ಪೂರ್ವಿಕರನ್ನು ಒಂದು ಮಾತು ಕೇಳಿದವರಿಲ್ಲ.

ಈಗ ಹೈದರನ ವಿಷಯಕ್ಕೆ ಬರೋಣ. ಹುಟ್ಟಿದ್ದು ಕೋಲಾರದ ಹತ್ತಿರದ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮದ್ ಶಿರಾ ಸುಬೇದಾರನ ಸೇವೆಯಲ್ಲಿದ್ದು ಯುದ್ಧದಲ್ಲಿ ಸತ್ತ. ಅಪ್ಪನ ಸಾಲವೆಂದು ಹೇಳಿ, ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ಎಂಬವನು ತಬ್ಬಲಿ ಮಕ್ಕಳಾದ ಶಹಬಾಜ್ ಮತ್ತು ಹೈದರನನ್ನು ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿದು ಬಾರಿಸಿ, ಹಿಂಸೆ ಕೊಟ್ಟು ಹಣ ಕಿತ್ತನಂತೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಇದನ್ನು ಬರೆದಿದ್ದಾನೆ. ವಿಲ್ಕ್ಸ್ ಇಂಗ್ಲಿಷರ ಸೈನ್ಯಾಧಿಕಾರಿ, ಹೈದರ್ ಇಂಗ್ಲಿಷರ ಹಗೆ. ಅವನ ಮಾತನ್ನು ಜರಡಿ ಹಿಡಿದೇ ತೆಗೆದುಕೊಳ್ಳಬೇಕು. ಆದರೂ ಅವನನ್ನು ಬಿಟ್ಟು ಈ ಕಾಲದ ಚರಿತ್ರೆ ಬರೆಯಲಾಗದು.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರ್ ತೋರಿದ ಧೈರ್ಯಕ್ಕೆ ಮೆಚ್ಚಿ ನಂಜರಾಜಯ್ಯ ಅವನಿಗೆ 50 ಕುದುರೆ, 200 ಕಾಲಾಳುಗಳ ನಾಯಕತ್ವ ಕೊಟ್ಟ. ಅಲ್ಲಿಂದ 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ. ಓದು ಬರಹ ಬರುತ್ತಿರಲಿಲ್ಲ. ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಐದೂ ಭಾಷೆ ಮಾತಾಡುತ್ತಿದ್ದ. ಲೆಕ್ಕಪತ್ರಕ್ಕೆ ಖಂಡೇರಾಯ ಎಂಬ ಬ್ರಾಹ್ಮಣನನ್ನು ಇಟ್ಟುಕೊಂಡಿದ್ದ. ಇವರಿಬ್ಬರ ಜೋಡಿಯ ಬಗ್ಗೆ ಒಂದು ಪ್ರಸಂಗವಿದೆ. ಗಾಯಗೊಂಡ ಸೈನಿಕರಿಗೆ ವಾಸಿಯಾಗುವವರೆಗೆ ತಿಂಗಳಿಗೆ 14 ರೂಪಾಯಿ ಸರ್ಕಾರದಿಂದ ಮಂಜೂರಾಗಿತ್ತು. ಒಂದು ಕದನದಲ್ಲಿ ನಿಜವಾಗಿ ಗಾಯವಾದವರು 67 ಜನ. ತನಿಖೆಗೆ ಬಂದವನಿಗೆ ಅರಿಶಿನ ಬಳಿದ ಬಟ್ಟೆ ಸುತ್ತಿಕೊಂಡ 700 ಜನರನ್ನು ತೋರಿಸಿ ಹಣ ಪಡೆದರು. ನಿಜವಾಗಿ ಗಾಯಗೊಂಡವರಿಗೆ ಏಳೇಳು ರೂಪಾಯಿ ಕೊಟ್ಟರು. ಇದೂ ವಿಲ್ಕ್ಸ್ ಹೇಳಿದ್ದೇ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ದಂಡಿನ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಹೈದರ್ ಕಲಿತದ್ದು ಇಂಥ ಕಡೆಯೇ.

ಆ ವಿದ್ಯೆ ಬೇಗ ಉಪಯೋಗಕ್ಕೆ ಬಂತು. 1758ರಲ್ಲಿ ಸಂಬಳ ಕಾಣದ ಸೈನಿಕರು ನಂಜರಾಜಯ್ಯನ ಮನೆ ಬಾಗಿಲಿಗೆ ಧರಣಿ ಕೂತರು. ಅನ್ನ ನೀರು ಒಳಗೆ ಹೋಗದಂತೆ ತಡೆದರು. ಹೈದರ್ ದಿಂಡಿಗಲ್ಲಿನಿಂದ ಬಂದ. ಅವನೂ ಖಂಡೇರಾಯನೂ ಕೂತು ಹಾಜರಿ ಪಟ್ಟಿ ತಾಳೆ ನೋಡಿ, ಸುಳ್ಳು ಬಾಬ್ತು ಹೊಡೆದುಹಾಕಿ, ಬಾಕಿ ತೀರಿಸಿದರು. (ಸುಳ್ಳು ಪಟ್ಟಿ ಹೇಗಿರುತ್ತದೆಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು!) ಅಂದಿನಿಂದ ಮೈಸೂರಿನ ಸೈನಿಕನ ಕಣ್ಣಿಗೆ ಸಂಬಳ ಕೊಡಿಸಬಲ್ಲವನು ಹೈದರ್ ಒಬ್ಬನೇ.

ಒತ್ತೆಯಿಟ್ಟ ತಾಲ್ಲೂಕುಗಳಿಂದ ಮರಾಠರ ಅಧಿಕಾರಿಗಳನ್ನು ಓಡಿಸಿ ಎಂದು ಸಲಹೆ ಕೊಟ್ಟವನೂ ಅವನೇ. ಓಡಿಸಿದ್ದಾಯಿತು. 1759ರಲ್ಲಿ ಗೋಪಾಲರಾವ್ ಪಟವರ್ಧನ ದಂಡೆತ್ತಿ ಬಂದು ಆ ತಾಲ್ಲೂಕುಗಳನ್ನು ಮತ್ತೆ ವಶಪಡಿಸಿಕೊಂಡ, ಬೆಂಗಳೂರನ್ನು ಸುತ್ತುವರಿದ, ಚನ್ನಪಟ್ಟಣವನ್ನು ಹಿಡಿದ. ಹೈದರ್ ತಿಂಗಳುಗಟ್ಟಲೆ ರಾತ್ರಿ ದಾಳಿ ಮಾಡಿ ಅವನನ್ನು ದಣಿಸಿದ. ಕೊನೆಗೆ ರಾಜಿಯಾಯಿತು: ಹಳೆಯ 32 ಲಕ್ಷ ಕೊಟ್ಟರೆ ತಾಲ್ಲೂಕುಗಳ ಮೇಲಿನ ಹಕ್ಕನ್ನು ಬಿಡುತ್ತೇವೆ ಎಂದರು ಮರಾಠರು. ಅರ್ಧದಷ್ಟನ್ನು ನಜರಾಣೆಯೆಂದು ಊರಲ್ಲಿ ಎತ್ತಿದರು. ಉಳಿದದ್ದಕ್ಕೆ ಸಾಹುಕಾರರು ಜಾಮೀನು ನಿಂತರು. ಅರಮನೆಯ ಮುಖ ನೋಡಿಯಲ್ಲ, ಹೈದರನ ಮಾತಿನ ಮೇಲೆ. ಆ ಸಾಲ ತೀರಿಸಲೆಂದು ಬಿಡಿಸಿಕೊಂಡ ತಾಲ್ಲೂಕುಗಳ ಆಡಳಿತವನ್ನು ಅವನಿಗೇ ವಹಿಸಿದರು.

ನನ್ನ ಅಭಿಪ್ರಾಯದಲ್ಲಿ ಹೈದರನ ಬದುಕಿನ ತಿರುವು ಇರುವುದು ಇಲ್ಲಿ. ದೇವನಹಳ್ಳಿಯಂಥ ಶೌರ್ಯ ತೋರಿದವರು ಆ ಕಾಲದಲ್ಲಿ ನೂರು ಜನ ಇದ್ದರು. ಸಾಹುಕಾರ ನಂಬುವ ಸೈನಿಕ ಅವನೊಬ್ಬನೇ. ನಮ್ಮ ಸೀಮೆಯ ಕಂದಾಯ ಅವನ ಕೈಗೆ ಬಂತು, ಕಂದಾಯದಿಂದ ದಂಡು, ದಂಡಿನಿಂದ ಅಧಿಕಾರ. ಗೆದ್ದು ಶ್ರೀರಂಗಪಟ್ಟಣಕ್ಕೆ ಬಂದಾಗ ಅರಸರು ದರ್ಬಾರಿನಲ್ಲಿ ಅವನಿಗೆ ಫತೇ ಹೈದರ್ ಬಹಾದ್ದೂರ್ ಎಂಬ ಬಿರುದು ಕೊಟ್ಟರು. ಒಂದು ಕಾಲಕ್ಕೆ 50 ಕುದುರೆ ಕೊಟ್ಟಿದ್ದ ನಂಜರಾಜಯ್ಯನೇ ಎದ್ದು ನಿಂತು ಅವನನ್ನು ಅಪ್ಪಿಕೊಂಡ.

ಮತ್ತೆ ಸಂಬಳ ಬಾಕಿ ಬಿತ್ತು. ಈ ಸಲ ಸೈನಿಕರು ಹೈದರನ ಬಾಗಿಲಿಗೆ ಧರಣಿ ಕೂತರು. ಅವನೇ ಕೂರಿಸಿದ್ದು ಎನ್ನುತ್ತಾನೆ ವಿಲ್ಕ್ಸ್. 'ಬೊಕ್ಕಸ ನನ್ನ ಕೈಲಿಲ್ಲ' ಎಂದು ಅವನು ಸೈನಿಕರನ್ನು ಕರೆದುಕೊಂಡು ನಂಜರಾಜಯ್ಯನ ಬಾಗಿಲಿಗೆ ಹೋದ. ನಂಜರಾಜಯ್ಯ ಅಧಿಕಾರ ಬಿಟ್ಟು ಪಕ್ಕಕ್ಕೆ ಸರಿದ. ಮುಂದೆ ಖಂಡೇರಾಯ ಅರಮನೆಯ ಪಕ್ಷ ಸೇರಿದ. 1760ರ ಆಗಸ್ಟ್ 12ರಂದು ಕೋಟೆಯ ಫಿರಂಗಿಗಳು ಹೈದರನ ಬಿಡಾರದ ಮೇಲೆ ಹಾರಿದವು. ಹೆಂಡತಿ ಮಕ್ಕಳನ್ನು ಬಿಟ್ಟು, ರಾತ್ರಿಯಲ್ಲಿ ಕಾವೇರಿ ದಾಟಿ ಬೆಂಗಳೂರಿಗೆ ಓಡಿದ. ವರ್ಷ ತುಂಬುವುದರೊಳಗೆ ಮರಳಿ ಬಂದು ಗೆದ್ದ. ಖಂಡೇರಾಯನಿಗೆ ಜೀವದಾನ ಬೇಡಿದ ಅಂತಃಪುರದವರಿಗೆ 'ಗಿಳಿಯ ಹಾಗೆ ಸಾಕುತ್ತೇನೆ' ಎಂದು ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನಂತೆ. ಅರಸರನ್ನು ಸಿಂಹಾಸನದಿಂದ ಇಳಿಸಲಿಲ್ಲ. ದಸರೆಯಲ್ಲಿ ಜನರಿಗೆ ದರ್ಶನ ಕೊಡಿಸಿ ಮತ್ತೆ ಅರಮನೆಯೊಳಗಿಡುತ್ತಿದ್ದ.

ಇದನ್ನು ದ್ರೋಹ ಎನ್ನುವವರು ನಮ್ಮೂರಿನ ಅರಳಿಕಟ್ಟೆಯಲ್ಲೂ ಇದ್ದಾರೆ, ಅವನಿಲ್ಲದಿದ್ದರೆ ಮೈಸೂರೇ ಇರುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯವಿದೆ. ಅನ್ನ ಹಾಕಿದ ಧಣಿಯನ್ನು ಮೂಲೆಗೆ ಕೂರಿಸಿದ್ದು ನಿಜ. ಆ ಧಣಿಗಳು ರಾಜ್ಯವನ್ನೇ ಒತ್ತೆ ಇಟ್ಟಿದ್ದೂ ಅಷ್ಟೇ ನಿಜ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒತ್ತೆ ಇಟ್ಟವರು, ಒತ್ತೆ ಹಿಡಿದವರು, ಬಿಡಿಸಿಕೊಂಡವನು, ಮೂವರೂ ಕೈ ಚಾಚಿದ್ದು ಒಂದೇ ರೈತನ ಕಣಜಕ್ಕೆ. ಆ ರೈತನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಮುಂದಿನದು ಪಠ್ಯಪುಸ್ತಕದಲ್ಲಿದೆ. 1761ರಲ್ಲಿ ಶಿರಾ, 1763ರಲ್ಲಿ ಬಿದನೂರು, 1779ರಲ್ಲಿ ಮದಕರಿನಾಯಕನ ಚಿತ್ರದುರ್ಗ. ಮರಾಠರೊಡನೆ ಸೋಲೂ ಇತ್ತು. 1771ರಲ್ಲಿ ಮೇಲುಕೋಟೆಯ ಹತ್ತಿರ ಚಿನಕುರಳಿಯಲ್ಲಿ ಅವನ ದಂಡು ನುಚ್ಚುನೂರಾಯಿತು. ಅಪ್ಪ ದುಡಿದ ಶಿರಾವೂ 1766ರಲ್ಲಿ ಮರಾಠರ ಪಾಲಾಗಿತ್ತು. ಅದನ್ನು 1774ರಲ್ಲಿ ಮರಳಿ ತಂದವನು ಮಗ ಟಿಪ್ಪು.

1769ರ ಮದರಾಸಿನ ವಿಷಯ ಒಂದು ಹೇಳಲೇಬೇಕು. ಹೈದರ್ ಅಲ್ಲಿಗೆ ಬರುವ ಹೊತ್ತಿಗೆ ಆ ನಗಾರಿಯ ಅಬ್ಬಾಸ್ ಕುಲಿ ಖಾನ್ ದೊಡ್ಡಬಳ್ಳಾಪುರ ಕಳೆದುಕೊಂಡು ಮದರಾಸಿನಲ್ಲೇ ಅಡಗಿದ್ದ. ಹೈದರ್ ಬಂದನೆಂದು ಕೇಳಿ ಸೋರುವ ಹಳೇ ಹಡಗೊಂದನ್ನು ಹತ್ತಿ ಸಮುದ್ರಕ್ಕೆ ಹೋದವನು, ಮೈಸೂರಿನ ದಂಡು ಘಟ್ಟ ಹತ್ತುವವರೆಗೆ ದಡಕ್ಕೆ ಇಳಿಯಲಿಲ್ಲವಂತೆ.

1780ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಹೈದರ್, ಮರುವರ್ಷ ಪೋರ್ಟೊನೊವೊದಲ್ಲಿ ಐರ್ ಕೂಟ್‌ಗೆ ಸೋತ. ಯುದ್ಧ ಮುಗಿಯುವ ಮುಂಚೆಯೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಬಿಡಾರದಲ್ಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಗೊತ್ತಾದರೆ ದಂಡು ಚೆದುರೀತೆಂದು ಮಂತ್ರಿಗಳು ಸಾವನ್ನು ಮುಚ್ಚಿಟ್ಟರು. ಶವವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬೊಕ್ಕಸದ ಹಣ ಸಾಗಿಸುವ ರೀತಿಯಲ್ಲೇ ಕಾವಲು ಹಾಕಿ ಕೋಲಾರದ ಕಡೆಗೆ ಕಳಿಸಿದರು.