ಟಿಟ್ವಾಳಾದ ಇಳಿಜಾರು ಪ್ಲಾಟ್‌ನಲ್ಲಿ ಗ್ಯಾರೇಜ್ ವರ್ಕ್‌ಶಾಪ್ ಕಟ್ಟುವಿರಾ? ಮೊದಲು ನೀರಿನ ದಾರಿ ನೋಡಿ

ಠಾಣೆ: ಡೊಂಬಿವಲಿ, ಕಲ್ಯಾಣದ ಫ್ಲಾಟ್‌ಗಳಲ್ಲಿ ವರ್ಷಗಟ್ಟಲೆ ಬದುಕಿದವರಿಗೆ ಸ್ವಂತ ಜಾಗ ಎಂದಾಗ ನೆನಪಾಗುವ ಹೆಸರುಗಳಲ್ಲಿ ಟಿಟ್ವಾಳಾ ಕೂಡ ಒಂದು. ಅಲ್ಲಿ ಸಣ್ಣದೊಂದು ಮನೆ, ಮನೆಯ ಪಕ್ಕ ಕಾರು ನಿಲ್ಲಿಸಲು ಗ್ಯಾರೇಜ್, ಅದರೊಳಗೆ ವೆಲ್ಡಿಂಗ್, ಮರಗೆಲಸ ಅಥವಾ ಗಾಡಿ ರಿಪೇರಿಗೆ ಒಂದು ಮೂಲೆ. ಇದು ಹಲವರ ನಿವೃತ್ತಿಯ ನಂತರದ ಕನಸು.

ಆದರೆ ಕಡಿಮೆ ಬೆಲೆಗೆ ಸಿಗುವ ಪ್ಲಾಟ್ ಇಳಿಜಾರಿನಲ್ಲಿದ್ದರೆ ಲೆಕ್ಕವೇ ಬೇರೆ. ಸಮತಟ್ಟು ಜಾಗದಲ್ಲಿ ನಾಲ್ಕು ಕಂಬ, ಮೇಲೊಂದು ಶೀಟ್ ಹಾಕಿದರೆ ಗ್ಯಾರೇಜ್ ಆಗುತ್ತದೆ. ಇಳಿಜಾರಿನಲ್ಲಿ ಶೆಡ್ ಕೊನೆಯ ಕೆಲಸ. ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮಣ್ಣನ್ನು ಯಾವುದು ಹಿಡಿದು ನಿಲ್ಲಿಸುತ್ತದೆ, ಕಟ್ಟಲು ಅನುಮತಿ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು. ಈ ಬಗ್ಗೆ ಸಂಪೂರ್ಣ ಮಾಹಿತಿ ಇಲ್ಲಿದೆ.

ಟಿಟ್ವಾಳಾದ ನೆಲ, ಮಳೆ ಹೇಗಿದೆ?

ಟಿಟ್ವಾಳಾ ಮಧ್ಯ ರೈಲ್ವೆಯ ಕಸಾರಾ ಮಾರ್ಗದಲ್ಲಿ ಕಲ್ಯಾಣದ ನಂತರದ ಮೂರನೇ ನಿಲ್ದಾಣ. ಮಹಾಗಣಪತಿ ದೇವಸ್ಥಾನದಿಂದ ಹೆಸರಾದ ಊರಿದು. ಉಲ್ಹಾಸ್ ನದಿಯನ್ನು ಸೇರುವ ಕಾಳು ನದಿ ಇದರ ಪಕ್ಕದಲ್ಲೇ ಹರಿಯುತ್ತದೆ. ನದಿಯ ಕಡೆ ತಗ್ಗು, ಇನ್ನೊಂದು ಕಡೆ ಏರುತಗ್ಗಿನ ಭೂಮಿ.

ಇಡೀ ಪ್ರದೇಶ ಕಪ್ಪು ಬಸಾಲ್ಟ್ ಬಂಡೆಯ ಮೇಲಿದೆ. ಬಂಡೆಯ ಮೇಲೆ ಮುರುಮ್, ಅಂದರೆ ಪುಡಿಯಾದ ಕಲ್ಲುಮಣ್ಣಿನ ಪದರ, ಅದರ ಮೇಲೆ ಕೆಲವೆಡೆ ಎರೆಮಣ್ಣು ಇರುತ್ತದೆ. ಮುರುಮ್ ಪಾಯಕ್ಕೆ ಒಳ್ಳೆಯದು. ಎರೆಮಣ್ಣು ಹಾಗಲ್ಲ. ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಬಿರಿದು ಗೋಡೆ, ನೆಲ ಎರಡನ್ನೂ ಸೀಳುತ್ತದೆ.

ಇಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. 2017ರ ಆಗಸ್ಟ್ 29ರಂದು ಟಿಟ್ವಾಳಾದಿಂದ ಮುಂದೆ ವಾಸಿಂದ್ ಮತ್ತು ಆಸನಗಾಂವ್ ನಡುವೆ ನಾಗಪುರ-ಮುಂಬೈ ದುರಂತೋ ರೈಲು ಹಳಿ ತಪ್ಪಿದ್ದು ಭಾರಿ ಮಳೆಗೆ ಮಣ್ಣು ಕುಸಿದಿದ್ದರಿಂದ. 2019ರ ಜುಲೈ 2ರ ನಸುಕಿನಲ್ಲಿ ಕಲ್ಯಾಣದ ದುರ್ಗಾಡಿ ಕೋಟೆಯ ಸಮೀಪ ಗೋಡೆಯೊಂದು ಪಕ್ಕದ ಮನೆಗಳ ಮೇಲೆ ಬಿದ್ದು ಮೂವರು ಸತ್ತರು. ಅದೇ ರಾತ್ರಿ ಮಲಾಡ್‌ನ ಪಿಂಪ್ರಿಪಾಡಾದಲ್ಲಿ ಗುಡ್ಡದ ಬದಿಯ ಗೋಡೆ ಕುಸಿದು 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಕರಾವಳಿಯಿಂದ ಬಂದ ಕನ್ನಡಿಗರಿಗೆ ಇದು ಹೊಸತಲ್ಲ. 2024ರ ಜೂನ್‌ನಲ್ಲಿ ಮಂಗಳೂರು ಬಳಿಯ ಕುತ್ತಾರು ಮದನಿನಗರದಲ್ಲಿ ಪಕ್ಕದ ಜಾಗದ ಆವರಣ ಗೋಡೆ ಮನೆ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಮೃತಪಟ್ಟಿದ್ದರು. ಧರೆ ಅಗೆದು ಜಾಗ ಮಾಡಿಕೊಳ್ಳುವಾಗ ಅಪಾಯ ಕಟ್ಟುವವರಿಗೆ ಮಾತ್ರವಲ್ಲ, ಕೆಳಗಿನ ಮನೆಯವರಿಗೂ ಇರುತ್ತದೆ.

ಮೊದಲು ಯಾವ ಕಾಗದಪತ್ರ ನೋಡಬೇಕು?

ಮಾಂಡಾ-ಟಿಟ್ವಾಳಾ ಭಾಗ ಕಲ್ಯಾಣ-ಡೊಂಬಿವಲಿ ಮಹಾನಗರ ಪಾಲಿಕೆಗೆ ಸೇರಿದೆ. ಸುತ್ತಲಿನ ಹಲವು ಹಳ್ಳಿಗಳು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿವೆ. ಪ್ಲಾಟ್ ಯಾವ ಪ್ರಾಧಿಕಾರಕ್ಕೆ ಬರುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

* ಸಾತ್‌ಬಾರಾ ಉತಾರಾ: ನಮ್ಮ ಪಹಣಿಯಂತೆ ಇದು ಮಹಾರಾಷ್ಟ್ರದ ಭೂ ದಾಖಲೆ. ಮಾರುವವರ ಹೆಸರು, ವಿಸ್ತೀರ್ಣ, ಸಾಲದ ಬೋಜಾ ಇದರಲ್ಲಿ ಕಾಣುತ್ತದೆ.
* ಎನ್‌ಎ: ಜಾಗ ಕೃಷಿಯೇತರ ಬಳಕೆಗೆ ಒಳಪಟ್ಟಿದೆಯೇ ನೋಡಿ. ಮಹಾರಾಷ್ಟ್ರದಲ್ಲಿ ರೈತರಲ್ಲದವರು ಅನುಮತಿ ಇಲ್ಲದೆ ಕೃಷಿ ಭೂಮಿ ಕೊಳ್ಳುವಂತಿಲ್ಲ. ಆದಿವಾಸಿಗಳ ಜಮೀನು ಇತರರಿಗೆ ವರ್ಗಾವಣೆಯಾಗಲು ಜಿಲ್ಲಾಧಿಕಾರಿ ಮಟ್ಟದ ಅನುಮತಿ ಬೇಕು.
* ಮೋಜಣಿ: ಭೂ ದಾಖಲೆ ಇಲಾಖೆಯಿಂದ ಅಳತೆ ಮಾಡಿಸಿ ಗಡಿ ಕಲ್ಲು ಹಾಕಿಸಬೇಕು. ಇಳಿಜಾರಿನಲ್ಲಿ ತಡೆಗೋಡೆ ಗಡಿಯಲ್ಲೇ ಬರುವುದರಿಂದ ಒಂದು ಅಡಿ ವ್ಯತ್ಯಾಸವೂ ಜಗಳಕ್ಕೆ ಕಾರಣವಾಗುತ್ತದೆ.
* ಪ್ರವಾಹ ರೇಖೆ: ಜಲಸಂಪನ್ಮೂಲ ಇಲಾಖೆ ನದಿಗಳಿಗೆ ನೀಲಿ ಮತ್ತು ಕೆಂಪು ರೇಖೆ ಗುರುತಿಸುತ್ತದೆ. ನೀಲಿ ರೇಖೆ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ, ಕೆಂಪು ರೇಖೆ 100 ವರ್ಷಕ್ಕೊಮ್ಮೆಯದ್ದು. ನದಿಯಿಂದ ನೀಲಿ ರೇಖೆಯವರೆಗೆ ನಿಷೇಧಿತ ವಲಯ, ಎರಡು ರೇಖೆಗಳ ನಡುವೆ ನಿರ್ಬಂಧಿತ ವಲಯ.

ಮಹಾರಾಷ್ಟ್ರದ ಏಕೀಕೃತ ಕಟ್ಟಡ ನಿಯಮಗಳು 2020ರ ಡಿಸೆಂಬರ್‌ನಿಂದ ಜಾರಿಯಲ್ಲಿವೆ. ಕಲ್ಯಾಣ-ಡೊಂಬಿವಲಿ ಪಾಲಿಕೆಗೂ ಇವು ಅನ್ವಯಿಸುತ್ತವೆ. ಗುಡ್ಡದ ಇಳಿಜಾರು 1:5ಕ್ಕಿಂತ ಕಡಿದಾಗಿದ್ದರೆ, ಅಂದರೆ 5 ಮೀಟರ್ ನಡೆದಾಗ 1 ಮೀಟರ್‌ಗಿಂತ ಹೆಚ್ಚು ಏರುವಂತಿದ್ದರೆ, ಅಲ್ಲಿ ಸಾಮಾನ್ಯವಾಗಿ ಕಟ್ಟಡಕ್ಕೆ ಅವಕಾಶ ಸಿಗದು.

"ಬರೀ ಶೆಡ್ ತಾನೆ, ಅನುಮತಿ ಯಾಕೆ?" ಎಂಬ ಮಾತನ್ನು ನಂಬಬಾರದು. 1966ರ ಎಂಆರ್‌ಟಿಪಿ ಕಾಯ್ದೆಯಡಿ ಅನಧಿಕೃತ ನಿರ್ಮಾಣವನ್ನು ಕೆಡವುವ ಅಧಿಕಾರ ಪಾಲಿಕೆಗಿದೆ, ಜೈಲು ಶಿಕ್ಷೆಗೂ ಅವಕಾಶವಿದೆ. ಇದೇ ಪಾಲಿಕೆ ವ್ಯಾಪ್ತಿಯಲ್ಲಿ ನಕಲಿ ಅನುಮತಿ ಪತ್ರ ತೋರಿಸಿ ಮಹಾರೇರಾ ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವುವಂತೆ ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತ್ತು. ಆದ್ದರಿಂದ ಏಜೆಂಟ್ ಕೊಡುವ ಜೆರಾಕ್ಸ್ ಪ್ರತಿ ನೋಡಿ ಸುಮ್ಮನಾಗದೆ, ಪಾಲಿಕೆಯ ನಗರ ಯೋಜನಾ ವಿಭಾಗದಲ್ಲೇ ವಿಚಾರಿಸುವುದು ಒಳ್ಳೆಯದು.

ಇಳಿಜಾರು ಅಳೆಯುವುದು ಹೇಗೆ?

ಮೇಸ್ತ್ರಿಗಳ ಬಳಿ ಇರುವ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು. ಪ್ಲಾಟ್‌ನ ಮೇಲಿನ ಅಂಚಿನಲ್ಲಿ ಒಂದು ಗೂಟ, ಕೆಳಗಿನ ಅಂಚಿನಲ್ಲಿ ಇನ್ನೊಂದು ಗೂಟ ನೆಟ್ಟು ಪೈಪಿನ ಎರಡು ತುದಿಯಲ್ಲಿ ನೀರಿನ ಮಟ್ಟ ಗುರುತು ಮಾಡಬೇಕು. ನೆಲದಿಂದ ಗುರುತಿಗಿರುವ ಎತ್ತರದ ವ್ಯತ್ಯಾಸವೇ ಇಳಿತ. 14 ಮೀಟರ್ ದೂರದಲ್ಲಿ 2 ಮೀಟರ್ ಇಳಿದರೆ ಇಳಿಜಾರು 1:7. ಎರಡು ಮೂರು ಕಡೆ ಅಳೆದು ಕಾಗದದ ಮೇಲೆ ಬರೆದುಕೊಂಡರೆ ಎಂಜಿನಿಯರ್ ಜತೆ ಮಾತಾಡಲು ಸುಲಭ.

ಗ್ಯಾರೇಜ್ ಯಾವ ದಿಕ್ಕಿಗೆ ಇರಬೇಕು?

ಒಂದು ಕಾರು ನಿಲ್ಲಲು ಕನಿಷ್ಠ 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಕೆಲಸದ ಮೇಜು, ಓಡಾಡಲು ಜಾಗ, ಉಪಕರಣಗಳ ಕಪಾಟು ಸೇರಿದರೆ 4 ಮೀಟರ್ ಅಗಲ, 7 ಮೀಟರ್ ಉದ್ದ ಇಟ್ಟುಕೊಳ್ಳಬಹುದು.

ಹಣ ಉಳಿಯುವುದು ಅಥವಾ ಪೋಲಾಗುವುದು ಇಲ್ಲೇ. 1:7 ಇಳಿಜಾರಿನಲ್ಲಿ ಗ್ಯಾರೇಜ್‌ನ 7 ಮೀಟರ್ ಉದ್ದವನ್ನು ಇಳಿಜಾರಿನ ದಿಕ್ಕಿಗೇ ಇಟ್ಟರೆ ನೆಲದ ವ್ಯತ್ಯಾಸ 1 ಮೀಟರ್. ಪೂರ್ತಿ ಅಗೆದೇ ಸಮ ಮಾಡಿದರೆ ಸುಮಾರು 14 ಘನ ಮೀಟರ್ ಮಣ್ಣು ತೆಗೆಯಬೇಕು. ಅದೇ ಗ್ಯಾರೇಜನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿದರೆ ವ್ಯತ್ಯಾಸ 60 ಸೆಂಟಿಮೀಟರ್‌ನೊಳಗೆ, ಮಣ್ಣು 8 ಘನ ಮೀಟರ್. ಇಲ್ಲಿನ ಗುತ್ತಿಗೆದಾರರ ಲೆಕ್ಕದಲ್ಲಿ 100 ಘನ ಅಡಿಗೆ ಒಂದು ಬ್ರಾಸ್. ಅಂದರೆ 5 ಬ್ರಾಸ್ ಕೆಲಸ 3 ಬ್ರಾಸ್‌ಗಿಂತ ಕೆಳಗೆ ಇಳಿಯುತ್ತದೆ. ತಡೆಗೋಡೆಯ ಎತ್ತರವೂ ಕಡಿಮೆಯಾಗುತ್ತದೆ.

ರಸ್ತೆ ಪ್ಲಾಟ್‌ಗಿಂತ ಕೆಳಗಿದ್ದರೆ ಗ್ಯಾರೇಜನ್ನು ರಸ್ತೆ ಮಟ್ಟದಲ್ಲೇ ಧರೆಯೊಳಗೆ ಕೂರಿಸಬಹುದು. ಆಗ ಹಿಂಬದಿ ಗೋಡೆಯೇ ತಡೆಗೋಡೆ, ಖರ್ಚು ಅದಕ್ಕೆ. ರಸ್ತೆ ಮೇಲಿದ್ದರೆ ಕಾರು ಇಳಿದು ಬರಬೇಕು, ಜತೆಗೆ ರಸ್ತೆಯ ನೀರೂ ಇಳಿದು ಬರುತ್ತದೆ. ಅಂಥ ಕಡೆ ಬಾಗಿಲಿನ ಮುಂದೆ ಅಡ್ಡ ಚರಂಡಿ, ಮೇಲೆ ಕಬ್ಬಿಣದ ಜಾಲರಿ ಕಡ್ಡಾಯ. ದಾರಿಯ ಇಳಿಜಾರು 1:8ಕ್ಕಿಂತ ಕಡಿದಾಗಿರಬಾರದು. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಇಳಿಜಾರು ನಿಧಾನವಾಗಿ ತಗ್ಗದಿದ್ದರೆ ಕಾರಿನ ತಳ ನೆಲಕ್ಕೆ ಉಜ್ಜುತ್ತದೆ.

ಅಗೆಯುವುದೋ, ತುಂಬುವುದೋ?

ಮೇಲಿನ ಭಾಗ ಅಗೆದು ಆ ಮಣ್ಣನ್ನೇ ಕೆಳಗಿನ ಭಾಗಕ್ಕೆ ತುಂಬುವುದು ಅಗ್ಗದ ದಾರಿ. ಆದರೆ ಅಗೆದ ಗಟ್ಟಿ ನೆಲ ಕೂರುವುದಿಲ್ಲ, ತುಂಬಿದ ಮಣ್ಣು ಕೂರುತ್ತದೆ. ಒಂದೇ ನೆಲಹಾಸು ಎರಡರ ಮೇಲೂ ಬಂದರೆ ಸರಿಯಾಗಿ ಮಧ್ಯದಲ್ಲಿ ಬಿರುಕು ಬಿಡುತ್ತದೆ. ಭಾರದ ಯಂತ್ರ, ಜಾಕ್ ಮೇಲಿನ ಕಾರು ಗಟ್ಟಿ ನೆಲದ ಕಡೆಗೇ ಬರುವಂತೆ ನೋಡಿಕೊಳ್ಳಬೇಕು.

ತುಂಬುವುದೇ ಆದರೆ 15ರಿಂದ 20 ಸೆಂಟಿಮೀಟರ್‌ನ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಾಸು ಮಾಡಬೇಕು. ಜೆಸಿಬಿ ಒಂದೇ ಸಲ ಸುರಿದು ಮೇಲೆ ಓಡಾಡಿದರೆ ಸಾಲದು. ಕಂಬದ ಪಾಯ ತುಂಬಿದ ಮಣ್ಣನ್ನು ದಾಟಿ ಮೂಲ ಮುರುಮ್ ಅಥವಾ ಬಂಡೆ ಮುಟ್ಟಲೇಬೇಕು.

1.5 ಮೀಟರ್‌ಗಿಂತ ಆಳ ಅಗೆಯುವಾಗ ಬದಿಗೆ ಆಸರೆ ಕೊಡದೆ ಕೂಲಿಯವರನ್ನು ಗುಂಡಿಗೆ ಇಳಿಸಬಾರದು. ಮಣ್ಣನ್ನು ಪ್ಲಾಟ್‌ನಿಂದ ಹೊರಗೆ ಸಾಗಿಸುವುದಾದರೆ ರಾಯಲ್ಟಿ ಮತ್ತು ಪರವಾನಗಿ ಬಗ್ಗೆ ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ತಡೆಗೋಡೆ ಬೀಳುವುದು ಯಾಕೆ?

ಮಣ್ಣಿನ ಭಾರಕ್ಕೆ ಗೋಡೆ ಬೀಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಹೆಚ್ಚಿನ ಸಲ ಅದನ್ನು ಕೆಡವುವುದು ಹಿಂದೆ ನಿಂತ ನೀರು.

2 ಮೀಟರ್ ಎತ್ತರದ ಗೋಡೆಯನ್ನು ತೆಗೆದುಕೊಳ್ಳಿ. ಹಿಂದಿರುವ ಮುರುಮ್ ಒಣಗಿದ್ದಾಗ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ಒತ್ತಡ ಸುಮಾರು 1.2 ಟನ್. ಹೊರಹೋಗಲು ದಾರಿಯಿಲ್ಲದೆ ನೀರು ಮೇಲಿನವರೆಗೂ ತುಂಬಿದರೆ ನೀರಿನ ಒತ್ತಡವೊಂದೇ 2 ಟನ್. ಮಣ್ಣಿನದ್ದೂ ಸೇರಿ ಒಟ್ಟು 2.5 ಟನ್ ದಾಟುತ್ತದೆ. ಅಂದರೆ ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ಗೋಡೆ ಜುಲೈನ ಒಂದು ರಾತ್ರಿಯಲ್ಲಿ ಎರಡು ಪಟ್ಟಿಗೂ ಹೆಚ್ಚು ಭಾರ ಹೊರಬೇಕು. ಎತ್ತರ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಹಾಗಾಗಿ ಒಂದೇ ಎತ್ತರದ ಗೋಡೆಗಿಂತ ಸಾಕಷ್ಟು ಅಂತರ ಬಿಟ್ಟು ಮೆಟ್ಟಿಲಂತೆ ಕಟ್ಟಿದ ಎರಡು ಗಿಡ್ಡ ಗೋಡೆ ವಾಸಿ.

ಗೋಡೆಗೆ ಇರಲೇಬೇಕಾದವು:

* ಕಲ್ಲಿನ ಗೋಡೆಯಾದರೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. ಬುಡವೂ ಸ್ವಂತ ಗಡಿಯೊಳಗೇ ಬರಬೇಕು.
* ನೀರು ಬಸಿದು ಹೋಗಲು 75ರಿಂದ 100 ಮಿಲಿಮೀಟರ್‌ನ ಪೈಪುಗಳು, ಒಂದರಿಂದ ಒಂದೂವರೆ ಮೀಟರ್‌ಗೆ ಒಂದರಂತೆ, ಹೊರಕ್ಕೆ ತುಸು ಓರೆಯಾಗಿ.
* ಗೋಡೆಯ ಬೆನ್ನಿಗೆ ಕನಿಷ್ಠ ಒಂದು ಅಡಿ ದಪ್ಪಕ್ಕೆ ಜಲ್ಲಿ, ಜಲ್ಲಿ ಮತ್ತು ಮಣ್ಣಿನ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಇದಿಲ್ಲದಿದ್ದರೆ ಕೆಲವೇ ಮಳೆಗಾಲದಲ್ಲಿ ಕೆಸರು ತುಂಬಿ ಪೈಪುಗಳು ಮುಚ್ಚಿಹೋಗುತ್ತವೆ.
* ಬುಡದಲ್ಲಿ ರಂಧ್ರವಿರುವ ಪೈಪ್, ಅದರ ತುದಿ ಚರಂಡಿಗೆ.

ಗುಡ್ಡಗಾಡಿನ ತಡೆಗೋಡೆಗಳಿಗಾಗಿ ಐಎಸ್ 14458 ಎಂಬ ಭಾರತೀಯ ಮಾನಕವೇ ಇದೆ. 1 ಮೀಟರ್‌ಗಿಂತ ಎತ್ತರದ ಗೋಡೆಗೆ ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆ ಬೇಡವೆಂದು ಉಳಿಸುವ ಹಣ ಉಳಿತಾಯವಲ್ಲ. ಇಟ್ಟಿಗೆಯ ಆವರಣ ಗೋಡೆಯನ್ನು ತಡೆಗೋಡೆಯಾಗಿ ಬಳಸಲೇಬಾರದು.

ಮೇಲಿನ ನೀರಿಗೆ ಬೇರೆ ದಾರಿ

ಗೋಡೆಗಿಂತ ಮೇಲೆ, ಪ್ಲಾಟ್‌ನ ತಲೆಭಾಗದಲ್ಲಿ ಅಡ್ಡಕ್ಕೆ ಕಾಂಕ್ರೀಟ್ ಕಾಲುವೆ ತೆಗೆದರೆ ಗುಡ್ಡದ ನೀರು ಗ್ಯಾರೇಜ್ ಹತ್ತಿರವೇ ಬರುವುದಿಲ್ಲ. ಛಾವಣಿ ನೀರಿಗೂ ಪೈಪ್ ಕೊಟ್ಟು ಬೇರೆಯಾಗಿ ಇಳಿಸಬೇಕು. 28 ಚದರ ಮೀಟರ್ ಶೀಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 2,800 ಲೀಟರ್ ನೀರು. ಅದನ್ನು ಗೋಡೆಯ ಹಿಂದೆ ಸುರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕೆಳಗಿನ ಮನೆಯ ಅಂಗಳಕ್ಕೂ ತಿರುಗಿಸುವಂತಿಲ್ಲ. ಸಾರ್ವಜನಿಕ ಚರಂಡಿ ಅಥವಾ ಇಂಗುಗುಂಡಿಗೆ ಸೇರಿಸಬೇಕು. ಇಂಗುಗುಂಡಿ ಯಾವತ್ತೂ ತಡೆಗೋಡೆಯ ಮೇಲ್ಭಾಗದಲ್ಲಿ ಬೇಡ.

ಒಳಗಿನ ವ್ಯವಸ್ಥೆ ಹೇಗಿರಲಿ?

ನೆಲ ಬಾಗಿಲಿನ ಕಡೆಗೆ 1:100ರಷ್ಟು ಮಾತ್ರ ಇಳಿಜಾರಿರಲಿ. ಜಾಕ್ ಹಾಕುವ ಜಾಗ ಸಮತಟ್ಟಾಗಿರಬೇಕು. ಕಾರಿನ ಕೆಳಗೆ ಇಳಿಯುವ ಗುಂಡಿ ಬೇಕೆಂಬ ಆಸೆ ಹಲವರಿಗಿರುತ್ತದೆ. ಟಿಟ್ವಾಳಾದಂಥ ಮಳೆಯ ಊರಿನಲ್ಲಿ ಅದರಲ್ಲಿ ನೀರು ಒಸರುವ ಸಾಧ್ಯತೆ ಹೆಚ್ಚು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲೇ ಸೇರಿಕೊಂಡು ಒಂದು ಕಿಡಿಗೆ ಹೊತ್ತಿಕೊಳ್ಳಬಹುದು. ಗಟ್ಟಿ ಜಾಕ್ ಸ್ಟ್ಯಾಂಡ್‌ಗಳೇ ಸುರಕ್ಷಿತ.

ಮೂರು ಬದಿ ಮಣ್ಣಿನೊಳಗಿರುವ ಗ್ಯಾರೇಜ್‌ನಲ್ಲಿ ಗಾಳಿ ಆಡುವುದಿಲ್ಲ. ಬಾಗಿಲು ಮುಚ್ಚಿ ಎಂಜಿನ್ ಚಾಲು ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯಬಲ್ಲದು. ಎದುರು ಬದಿರು ಕಿಟಕಿ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಮಣ್ಣಿಗೆ ತಾಗುವ ಗೋಡೆಗೆ ಹೊರಗಿನಿಂದಲೇ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಗೋಡೆ ಮುಚ್ಚಿದ ಮೇಲೆ ಆ ಕೆಲಸ ಮಾಡಲಾಗದು.

ವೆಲ್ಡಿಂಗ್, ಕಂಪ್ರೆಸರ್ ಬಳಸುವವರು ಮಹಾವಿತರಣ್‌ಗೆ ಸರಿಯಾದ ಲೋಡ್ ತಿಳಿಸಿ ಸಂಪರ್ಕ ಪಡೆಯಬೇಕು. ಪ್ರತ್ಯೇಕ ಅರ್ಥಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲಿ. ಒದ್ದೆ ನೆಲದಲ್ಲಿ ಪ್ರಾಣ ಉಳಿಸುವುದು ಅದೇ. ಸಾಕೆಟ್‌ಗಳು ನೆಲದಿಂದ ಕನಿಷ್ಠ ಒಂದು ಮೀಟರ್ ಮೇಲಿರಲಿ.

ನೆರೆಹೊರೆ, ಶಬ್ದ, ವ್ಯಾಪಾರ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಗ್ರೈಂಡರ್ ಸದ್ದು ಇದನ್ನು ಸುಲಭವಾಗಿ ಮೀರುತ್ತದೆ. ಹವ್ಯಾಸದ ಕೆಲಸ ಸಂಪಾದನೆಯಾಗಿ ಬದಲಾದರೆ ವಸತಿ ಅನುಮತಿ, ಗೃಹಬಳಕೆಯ ವಿದ್ಯುತ್ ದರ ಎರಡೂ ಅನ್ವಯಿಸದಿರಬಹುದು. ಹಳೆಯ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ. ಇಳಿಜಾರಿನಲ್ಲಿ ಚೆಲ್ಲಿದ್ದು ಕೆಳಗಿನವರ ಬಾವಿಗೋ ಕಾಳು ನದಿಗೋ ಸೇರುತ್ತದೆ. ಡಬ್ಬದಲ್ಲಿ ಸಂಗ್ರಹಿಸಿ ಅಧಿಕೃತ ಸಂಗ್ರಹಕಾರರಿಗೆ ಕೊಡಬೇಕು.

ಯಾವ ತಿಂಗಳಲ್ಲಿ ಯಾವ ಕೆಲಸ?

* ಜೂನ್-ಸೆಪ್ಟೆಂಬರ್: ಏನನ್ನೂ ಅಗೆಯಬೇಡಿ. ಜೋರು ಮಳೆಯಲ್ಲಿ ಪ್ಲಾಟ್‌ಗೆ ಹೋಗಿ ನೀರು ಹರಿಯುವ ದಾರಿಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ.
* ಅಕ್ಟೋಬರ್-ಡಿಸೆಂಬರ್: ಮೋಜಣಿ, ಮಣ್ಣು ಪರೀಕ್ಷೆ, ನಕ್ಷೆ, ಅನುಮತಿ.
* ಜನವರಿ-ಮಾರ್ಚ್: ಅಗೆತ, ಪಾಯ, ತಡೆಗೋಡೆ, ಮೇಲಿನ ಕಾಲುವೆ. ಅಗೆದ ಧರೆಯನ್ನು ಬರಿದಾಗಿ ಬಿಟ್ಟು ಮಳೆಗಾಲಕ್ಕೆ ಕಾಲಿಡುವಂತಿಲ್ಲ.
* ಏಪ್ರಿಲ್-ಮೇ: ನೆಲಹಾಸು, ಛಾವಣಿ, ವೈರಿಂಗ್.

ಅನುಮತಿ ಡಿಸೆಂಬರ್ ದಾಟಿ ತಡವಾಗಿ, ಗೋಡೆ ಮೇ ಅಂತ್ಯಕ್ಕೆ ಮುಗಿಯುವುದು ಅನುಮಾನವೆಂದು ಕಂಡರೆ ಅಗೆತವನ್ನೇ ಮುಂದಿನ ವರ್ಷಕ್ಕೆ ಮುಂದೂಡುವುದು ಸೂಕ್ತ. ಬಜೆಟ್ ಸಾಲದಿದ್ದರೂ ಅಷ್ಟೇ, ಮೊದಲು ಗೋಡೆ ಮತ್ತು ಚರಂಡಿ ಮುಗಿಸಿ ಶೆಡ್ಡನ್ನು ಆಮೇಲೆ ಹಾಕಿಸಬಹುದು. ಕಟ್ಟಿದ ನಂತರ ಪ್ರತಿ ಮೇ ತಿಂಗಳಲ್ಲಿ ಗೋಡೆಯ ಪೈಪುಗಳನ್ನು ಕಬ್ಬಿಣದ ಸರಳಿನಿಂದ ಚುಚ್ಚಿ ಸ್ವಚ್ಛ ಮಾಡಬೇಕು. ಮಳೆಯಲ್ಲಿ ಪೈಪಿನಿಂದ ನೀರು ಬರುವುದು ನಿಂತರೆ, ಗೋಡೆ ಹೊಟ್ಟೆ ಉಬ್ಬಿದಂತೆ ಕಂಡರೆ ಅಥವಾ ಮೇಲಿನ ನೆಲದಲ್ಲಿ ಉದ್ದಕ್ಕೆ ಬಿರುಕು ಬಿಟ್ಟರೆ ತಕ್ಷಣ ಗ್ಯಾರೇಜ್ ಖಾಲಿ ಮಾಡಿ, ಕೆಳಗಿನ ಮನೆಯವರಿಗೂ ತಿಳಿಸಿ ಎಂಜಿನಿಯರ್ ಕರೆಸಬೇಕು.